ಯುಗಾದಿ ಊಟಕ್ಕೆ ಹಳೆ ಗಂಗಾಳ, ಹೊಸ ಬಟ್ಟಲು

ನಮ್ಮ ಮನೆಯಲ್ಲಿ ಕಂಚಿನ ಗಂಗಾಳ ಇದ್ದದ್ದು ಐದೇ. ಎಲ್ಲಾ ನನ್ನ ತವರಿನಿಂದ ಬಂದವು. ಈ ಸಲ ಯುಗಾದಿಗೆ ಮೈದುನನ ಸಂಸಾರವೂ ಬಂದರೆ ಎಂಟು ಜನ ಆಗುತ್ತೇವೆ ಅಂತ ಗೊತ್ತಾದ ದಿನವೇ ಇನ್ನು ಮೂರಕ್ಕೆ ಹುಡುಕಾಟ ಶುರು ಮಾಡಿದೆ. ಐದು ಜನರಿಗೆ ಕಂಚು, ಮೂರು ಜನರಿಗೆ ಸ್ಟೀಲ್ ತಾಟು ಅಂದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಹಬ್ಬದ ದಿನ ಒಂದೇ ಸಾಲಿನಲ್ಲಿ ಕೂತವರಲ್ಲಿ ಭೇದ ಕಾಣಬಾರದು.

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಒಂದು ಓಣಿಯಲ್ಲಿ ಹಳೆಯ ಭಾಂಡೆ ಅಂಗಡಿ ಇದೆ. ಮುಂದೆ ಪೂರ್ತಿ ಹೊಸ ಸ್ಟೀಲ್. ಒಳಗೆ ಹೋದರೆ ಗೋಡೆಗೆ ಒರಗಿಸಿಟ್ಟ ಹಳೆ ಸಾಮಾನು. ಜನ ಹಳೆಯದನ್ನು ತೂಕಕ್ಕೆ ಹಾಕಿ ಹೊಸದು ತಗೊಂಡು ಹೋಗುತ್ತಾರೆ ಅಲ್ವಾ, ಆ ಸಾಮಾನು. ಸ್ವಲ್ಪ ದಿನ ಇಲ್ಲಿದ್ದು ಆಮೇಲೆ ಕರಗಿಸಲು ಹೋಗುತ್ತದೆ. ಅಷ್ಟರೊಳಗೆ ನಮ್ಮ ಕಣ್ಣಿಗೆ ಬಿದ್ದರೆ ನಮ್ಮದು.

ನಾನು ನಾಲ್ಕು ಗಂಗಾಳ ಆರಿಸಿದೆ. ಅಂಗಡಿಯ ಅಜ್ಜ ಒಂದೊಂದನ್ನೇ ಮೂರು ಬೆರಳ ತುದಿಯ ಮೇಲೆ ಇಟ್ಟುಕೊಂಡು, ಅಂಚಿಗೆ ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಮೊದಲ ಮೂರು ಗುಡಿಯ ಗಂಟೆಯ ಹಾಗೆ ನುಡಿದವು. ದನಿ ಎಷ್ಟೋ ಹೊತ್ತು ನಿಂತಿತ್ತು. ನಾಲ್ಕನೆಯದು ಟಣ್ ಅಂತ ಅಂದು ಅಲ್ಲೇ ಮುಗಿಯಿತು. ನೋಡೋಕೆ ನಾಲ್ಕೂ ಒಂದೇ ಥರ ಇದ್ದವು. ನನಗಂತೂ ಗೊತ್ತಾಗುತ್ತಿರಲಿಲ್ಲ.

"ಇದು ಹಿತ್ತಾಳಿ ಅದ್ರೀ ಅಕ್ಕಾರ. ಕಂಚಿನ ರೊಕ್ಕ ಇದಕ್ಕ ಕೊಡಬ್ಯಾಡ್ರಿ," ಅಂದು ಪಕ್ಕಕ್ಕೆ ಇಟ್ಟುಬಿಟ್ಟರು.

ಈ ಒಂದು ಮಾತಿಗೇ ನಾನು ಈ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಎರಡರಲ್ಲೂ ಜಾಸ್ತಿ ಇರುವುದು ತಾಮ್ರವೇ. ಅದಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಊಟದ ಒಳ್ಳೆ ಕಂಚಿನಲ್ಲಿ ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ ಇರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಬಡಿಸಿದರೆ ಕಿಲುಬು ಬಿಡುತ್ತದೆ, ಬಾಯಿಗೆ ಒಗರು. ಕಂಚಿನಲ್ಲಿ ಊಟ ಮಾಡಲು ಕಲಾಯಿ ಬೇಕಿಲ್ಲ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಹಿತ್ತಾಳೆ ನೆಗ್ಗುತ್ತದೆ, ಕಂಚು ಒಡೆಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಬಡಿದಾಗ ದನಿ ಒಡಕಾಗಿ ಬರುತ್ತದೆ. ನೀವು ಎಲ್ಲೇ ಕೊಂಡರೂ ಬಡಿದು ನೋಡದೆ ತರಬೇಡಿ.

ಕೆಜಿಗೆ 1,100 ರೂಪಾಯಿ ಹೇಳಿದರು. ಮೂರೂ ಸೇರಿ 3 ಕೆಜಿ 400 ಗ್ರಾಂ, 3,740 ರೂಪಾಯಿ ಆಯಿತು. ತೂಕ ನನ್ನ ಕಣ್ಣೆದುರಿಗೇ ಮಾಡಿದರು. ಪಾಲಿಶ್ ಮಾಡಿಸಿ ಕೊಡುತ್ತೇವೆ ಅಂದರು, ಬೇಡ ಅಂದೆ. ಮನೆಯಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಸಾಕು. ಮಷಿನ್ನಿಗೆ ಕೊಟ್ಟರೆ ಹಳೆ ಗೆರೆಗಳೆಲ್ಲಾ ಸವೆದು ಹೋಗುತ್ತವೆ. ಅಂಗಡಿಯ ಕೊರತೆಯನ್ನೂ ಹೇಳಬೇಕು. ಒಳಗೆ ಬೆಳಕು ಕಡಿಮೆ, ಹಳೆ ಸಾಮಾನಿಗೆ ಬಿಲ್ಲು ಇಲ್ಲ, ಒಯ್ದದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಬಾಗಿಲ ತನಕ ತಂದು ಬಿಸಿಲಲ್ಲಿ ನೋಡಿ ಕೊಳ್ಳಿ.

ಬಟ್ಟಲು ಸಿಕ್ಕದ್ದು ಶರಣಬಸವೇಶ್ವರ ಜಾತ್ರೆಯಲ್ಲಿ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ತೇರು, ಅದಾಗಿ ಹತ್ತು ದಿನಕ್ಕೆ ಯುಗಾದಿ. ಹಾಗಾಗಿ ಹಬ್ಬದ ಸಾಮಾನು ಕೊಳ್ಳಲು ನಮಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಪಿಂಗಾಣಿ ಅಂಗಡಿಯವರು ಮಾಲು ಉತ್ತರ ಪ್ರದೇಶದ ಖುರ್ಜಾದ್ದು ಅಂದರು. ಬಿಳಿ ಮೈಗೆ ನೀಲಿ ಹೂ, ಒಂದಕ್ಕೆ 60 ರೂಪಾಯಿ. ನಾನು ಹದಿನಾಲ್ಕು ಎತ್ತಿಕೊಂಡು ಒಂದೊಂದನ್ನೂ ಸಪಾಟಾದ ಹಲಗೆ ಮೇಲೆ ಇಟ್ಟು ಅಲ್ಲಾಡುತ್ತದಾ ಅಂತ ನೋಡಿದೆ. ಒಳಗೆ ಬೆರಳಾಡಿಸಿದೆ. ಮೆರುಗಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಸಾರಿನ ಅರಿಸಿನ ಕೂತು ಕಲೆ ಹೋಗುವುದೇ ಇಲ್ಲ. ಹಾಗೆ ಆರು ಬಿಟ್ಟು ಎಂಟು ತಂದೆ. ನೀಲಿ ಬಣ್ಣ ಒಂದರಲ್ಲಿ ಗಾಢ, ಒಂದರಲ್ಲಿ ತೆಳು. ನನಗೆ ಅದು ಇಷ್ಟವೇ ಆಯಿತು.

ಬೇಸರ ಆದದ್ದು ಒಂದರಲ್ಲಿ ಮಾತ್ರ. ಹಪ್ಪಳ ಸಂಡಿಗೆಗೆ ಅಂತ ಆನ್‌ಲೈನಲ್ಲಿ ಆರು ಚಿಕ್ಕ ಪಿಂಗಾಣಿ ತಟ್ಟೆ ತರಿಸಿದ್ದೆ. ಹೊಳಪಿಲ್ಲದ ಬೂದು ಬಣ್ಣ, ಫೋಟೋದಲ್ಲಿ ಬಹಳ ಚೆನ್ನಾಗಿತ್ತು. ಬಂದಾಗ ಎರಡು ಒಡೆದಿದ್ದವು. ಉಳಿದ ನಾಲ್ಕರ ಮೇಲೆ ಸ್ಟೀಲ್ ಚಮಚ ತಾಗಿದಲ್ಲೆಲ್ಲಾ ಪೆನ್ಸಿಲ್ ಎಳೆದಂತೆ ಗೆರೆ. ಹೊಳಪಿಲ್ಲದ ಮೆರುಗು ಹಾಗೇ, ಲೋಹವನ್ನು ಸವೆಸಿ ಮೈಗೆ ಹಚ್ಚಿಕೊಳ್ಳುತ್ತದೆ. ಚಮಚ ಹಾಕುವ ಮನೆಗೆ ಅದು ಬೇಡ. ಹಪ್ಪಳ ರೊಟ್ಟಿ ಬುಟ್ಟಿಗೆ ಹೋಯಿತು.

ಇನ್ನು ಜೋಡಿಸಿದ ವಿಷಯ. ನಮ್ಮ ಡೈನಿಂಗ್ ಟೇಬಲ್ ಆರು ಜನರದ್ದು. ಮಗನ ಓದುವ ಟೇಬಲನ್ನು ಒಂದು ತುದಿಗೆ ಸೇರಿಸಿದೆ. ಅದು ಎರಡು ಬೆರಳು ತಗ್ಗು, ಕೆಳಗೆ ಹಳೆ ಪುಸ್ತಕ ಕೊಟ್ಟು ಸಮ ಮಾಡಿದೆ. ನಡುವೆ ಉದ್ದಕ್ಕೆ ಗುಳೇದಗುಡ್ಡದ ಖಣ ಹಾಸಿದೆ, ಕೆಂಪು ಅಂಚಿನ ಹಸಿರು. ಅದರ ಮೇಲೆ ಬೀದರಿನಲ್ಲಿ ಕೊಂಡಿದ್ದ ಚಿಕ್ಕ ಬಿದ್ರಿ ಹೂದಾನಿ. ಬಿದ್ರಿ ಅಂದರೆ ಸತು ಜಾಸ್ತಿ ಇರುವ ಲೋಹ, ಮೇಲಿನ ಕಪ್ಪು ಬೀದರ್ ಕೋಟೆ ಮಣ್ಣಿನಿಂದ ಬರುವುದು. ನೇರ ನೀರು ಹಾಕಿದರೆ ಹಾಳಾದೀತು ಅಂತ ಒಳಗೆ ಸಣ್ಣ ಗಾಜಿನ ಲೋಟ ಇಟ್ಟು ಬೇವಿನ ಹೂವಿನ ಎಸಳು, ಮಾವಿನ ಚಿಗುರು ಇಟ್ಟೆ. ಮಲ್ಲಿಗೆ ಇಡಲಿಲ್ಲ. ಊಟದ ಹತ್ತಿರ ಹೋಳಿಗೆಯ ಯಾಲಕ್ಕಿ ವಾಸನೆಯೇ ಬರಬೇಕು.

ಬೇವು ಕುಡಿಯಲು ಕುಂಬಾರರ ಹತ್ತಿರ ಹೊಸ ಗಡಿಗೆ, ಎಂಟು ಕುಡಿಕೆ ತಂದಿದ್ದೆ. ನಮ್ಮ ಕಡೆ ಬೇವು ಅಂದರೆ ಪಾನಕವೇ. ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು, ದ್ರಾಕ್ಷಿ, ಮೇಲೆ ಬೇವಿನ ಹೂ. ಕುಡಿಕೆಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಟ್ಟಿದ್ದೆ. ಇಲ್ಲದಿದ್ದರೆ ಹೊಸ ಮಣ್ಣು ಅರ್ಧ ಬೇವನ್ನು ತಾನೇ ಕುಡಿದುಬಿಡುತ್ತದೆ. ಹೊರಗೆ ಅಷ್ಟು ಬಿಸಿಲು, ಕುಡಿಕೆ ಮುಟ್ಟಿದರೆ ತಣ್ಣಗೆ!

ಕಟ್ಟಿನ ಸಾರು ನೀಲಿ ಬಟ್ಟಲಿಗೆ, ಹೋಳಿಗೆ ತುಪ್ಪ ಗಂಗಾಳಕ್ಕೆ. ಬಟ್ಟಲನ್ನು ಗಂಗಾಳದ ಒಳಗೇ ಇಟ್ಟೆ, ಜಾಗವೂ ಉಳಿಯಿತು. ಹಳದಿ ಕಂಚಿನಲ್ಲಿ ಆ ನೀಲಿ ಎಷ್ಟು ಚೆಂದ ಕಂಡಿತು ಅಂದರೆ, ನನ್ನ ನೆಗೆಣ್ಣಿ ಬಡಿಸುವುದು ಬಿಟ್ಟು ಸುಮ್ನೆ ನೋಡುತ್ತಾ ನಿಂತಳು.

ಹೊಸದಾಗಿ ತಂದ ಒಂದು ಗಂಗಾಳ ಮಾವನ ಮುಂದೆ ಬಂದಿತ್ತು. ಅವರಿಗೆ 86 ವರ್ಷ, ಶಾಲೆ ಶುರು ಮಾಡಿದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಏನೋ ಕೊರೆದಿತ್ತು, ನಾನು ಬಳ್ಳಿ ಅಂದುಕೊಂಡಿದ್ದೆ. ಮಾವ ಕನ್ನಡಕ ಏರಿಸಿ ಗಂಗಾಳವನ್ನು ಮೆಲ್ಲಗೆ ತಿರುಗಿಸಿದರು. ಹೆಸರು ಸವೆದು ಹೋಗಿತ್ತು. ಇಸವಿ ಉಳಿದಿತ್ತು, ನಿಜಾಮರ ಆಡಳಿತದಲ್ಲಿ ನಡೆಯುತ್ತಿದ್ದ ಫಸಲಿ ಲೆಕ್ಕದಲ್ಲಿ 1346.

"ಅದಕ್ಕ 590 ಕೂಡ್ಸವ್ವಾ," ಅಂದರು. ಮಗ ಕೂಡಿಸಿದ. 1936.

"ನನಗಿಂತ ದೊಡ್ಡದು ಅದ," ಅಂದು ಮಾವ ಹೋಳಿಗೆ ಮುರಿದರು. ಅವತ್ತಿನಿಂದ ಆ ಗಂಗಾಳ ಅವರದ್ದೇ.