'13 ಅಸಾಸಿನ್ಸ್' ಬ್ಲೂ-ರೇ ಕೊಳ್ಳುವ ಮೊದಲು ಕವರಿನ ಹಿಂಬದಿ ನೋಡಿ

ಟಕಾಶಿ ಮೀಕೆ ನಿರ್ದೇಶನದ '13 ಅಸಾಸಿನ್ಸ್' (2010) ಸಿನಿಮಾದ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್) ತರಿಸಬೇಕು ಅಂತಿರುವವರು ದುಡ್ಡು ಕಳಿಸುವ ಮೊದಲು ಇದನ್ನು ಓದಿ. ನನ್ನ 2,800 ರೂಪಾಯಿ ನೀರಿಗೆ ಹೋಯಿತು.

ಈ ಸಮುರಾಯ್ ಸಿನಿಮಾ ಎರಡು ರೂಪದಲ್ಲಿದೆ. ಜಪಾನಿನಲ್ಲಿ ತೆರೆಕಂಡದ್ದು 141 ನಿಮಿಷ. ಹೊರದೇಶಗಳಿಗೆ ಕತ್ತರಿ ಹಾಕಿ ಕಳಿಸಿದ್ದು ಸುಮಾರು 125 ನಿಮಿಷ. ಚಿಕ್ಕದನ್ನು ನಾನು ಹಿಂದೆಯೇ ನೋಡಿದ್ದೆ. ಕೈಕಾಲು ಕಳೆದುಕೊಂಡ ಹೆಂಗಸೊಬ್ಬಳು ಬಾಯಲ್ಲಿ ಕುಂಚ ಕಚ್ಚಿಕೊಂಡು ಕಾಗದದ ಮೇಲೆ ಬರೆಯುತ್ತಾಳೆ. ಅದೇ ಕಾಗದವನ್ನು ನಾಯಕ ನಟ ಕೋಜಿ ಯಾಕುಶೊ ಕೊನೆಯ ಕಾಳಗದ ಹೊತ್ತಿಗೆ ವೈರಿಗಳ ಮುಂದೆ ಬಿಚ್ಚಿ ಹಿಡಿಯುತ್ತಾರೆ. ಆಮೇಲೆ ಮುಕ್ಕಾಲು ಗಂಟೆ ಕತ್ತಿಕಾಳಗ! ಇಂಥ ಸಿನಿಮಾವನ್ನು ಪೂರ್ತಿ ನೋಡುವ ಆಸೆ ನನಗೆ ತುಂಬಾ ಇತ್ತು.

ಹಳೆ ಡಿಸ್ಕ್ ಮಾರುವವರೊಬ್ಬರು 'ಜಪಾನ್ ಇಂಪೋರ್ಟ್, ಫುಲ್ ವರ್ಷನ್' ಅಂತ ಹಾಕಿದ್ದರು. ಮುಂಭಾಗದ ಫೋಟೊ ಒಂದೇ ಇತ್ತು. ಹಿಂಬದಿಯ ಫೋಟೊ ಕೇಳಿದೆ. "ಸೀಲ್ಡ್ ಪೀಸ್ ಸರ್, ಬೇರೆಯವರೂ ಕೇಳ್ತಿದ್ದಾರೆ, ಬೇಗ ಹೇಳಿ" ಅಂದರು. ಅವಸರದಲ್ಲಿ ದುಡ್ಡು ಹಾಕಿಬಿಟ್ಟೆ.

ಡಿಸ್ಕ್ ಬಂತು. ಪ್ಲೇಯರ್‌ಗೆ ಹಾಕಿದರೆ, ಈ ಪ್ರದೇಶದಲ್ಲಿ ಓಡುವುದಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅಂತ ವಲಯ ಮಾಡಿದ್ದಾರೆ. ಬ್ಲೂ-ರೇಯಲ್ಲಿ ಭಾರತ 'ಸಿ' ವಲಯ. ನನಗೆ ಬಂದದ್ದು 'ಎ'. ಎಲ್ಲ ವಲಯದ ಡಿಸ್ಕ್ ಓಡಿಸುವ ಪ್ಲೇಯರ್ ಇರುವ ಗೆಳೆಯನ ಮನೆಗೆ ಹೋದೆ. ಅಲ್ಲಿ ಓಡಿತು. ಆದರೆ ಪರದೆಯ ಮೂಲೆಯಲ್ಲಿ ಒಟ್ಟು ಅವಧಿ ನೋಡಿದಾಗ ಹೊಟ್ಟೆ ಉರಿಯಿತು. ಎರಡು ಗಂಟೆ ಐದು ನಿಮಿಷ. ಅದೇ ಕತ್ತರಿಸಿದ ಸಿನಿಮಾ!

ಇಲ್ಲಿ ಹಲವರು ಮೋಸ ಹೋಗುವ ಒಂದು ವಿಷಯವಿದೆ. ಡಿವಿಡಿಯಲ್ಲಿ ಅಮೆರಿಕಕ್ಕೆ 1, ಜಪಾನಿಗೆ 2, ಭಾರತಕ್ಕೆ 5. ನಂಬರ್ ನೋಡಿದರೆ ಜಪಾನಿನದೋ ಅಮೆರಿಕದ್ದೋ ಗೊತ್ತಾಗುತ್ತದೆ. ಬ್ಲೂ-ರೇಯಲ್ಲಿ ಆ ಎರಡೂ ದೇಶ 'ಎ' ವಲಯದಲ್ಲೇ ಇವೆ. ಹಾಗಾಗಿ 'ಎ' ಅಕ್ಷರ ತೋರಿಸಿ ಅಮೆರಿಕದ ಡಿಸ್ಕನ್ನು ಜಪಾನಿನದು ಅಂತ ಮಾರುವುದು ಸುಲಭ. ನಿಮಿಷವನ್ನೇ ನೋಡಬೇಕು. ಅದು ಕವರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಬ್‌ಟೈಟಲ್ ವಿವರವೂ ಅಲ್ಲೇ ಇರುತ್ತದೆ, ಅದನ್ನೂ ಓದಿ. ಜಪಾನಿನ ಎಷ್ಟೋ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ. ಯುರೋಪಿನ ಡಿವಿಡಿ ಆದರೆ ಸೆಕೆಂಡಿಗೆ ಸಿನಿಮಾದ 24 ಫ್ರೇಮ್ ಬದಲು 25 ಫ್ರೇಮ್ ಓಡುವುದರಿಂದ ಅವಧಿ ಶೇ. 4ರಷ್ಟು ಕಡಿಮೆ ಕಾಣುತ್ತದೆ. ಅದಕ್ಕೆ ಗಾಬರಿ ಬೇಡ.

ವಾಪಸ್ ತಗೊಳ್ಳಿ ಅಂದೆ. "ಸೀಲ್ ಒಡೆದಿದ್ದೀರಲ್ಲ, ಆಗಲ್ಲ" ಅಂದರು. ಸೀಲ್ ಒಡೆಯದೆ ಡಿಸ್ಕ್ ಹಾಕಿ ನೋಡುವುದು ಹೇಗೆ? ಪಾರ್ಸೆಲ್ ಬಿಚ್ಚುವಾಗ ಮೊದಲು ಹಿಂಬದಿ ಓದಿದ್ದರೆ, ಸೀಲ್ ಇದ್ದಂತೆಯೇ ವಾಪಸ್ ಕಳಿಸಬಹುದಿತ್ತು. ವಿಡಿಯೊ ಕೂಡ ಮಾಡಿಕೊಂಡಿರಲಿಲ್ಲ. ನೀವು ಎರಡನ್ನೂ ಮಾಡಿ. ಹಿಂಬದಿಯ ಫೋಟೊ ಕೊಡಲು ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.

ನಿನ್ನೆ ನೋಡಿದೆ. ಅದೇ ಮುಂಭಾಗದ ಫೋಟೊ, ಅದೇ 'ಫುಲ್ ವರ್ಷನ್' ಮಾತು. ಇನ್ನೊಂದು ಪ್ರತಿ ಮಾರಾಟಕ್ಕೆ ಇಟ್ಟಿದ್ದಾರೆ.