ಭತ್ತ ಹೂವಾಡುವ ಹೊತ್ತಿಗೆ ಯಾವ ಗೊಬ್ಬರ: ಮೂರು ಮಡಿಗಳ ಹೋಲಿಕೆ

ಯೂರಿಯಾ ಒಂದನ್ನೇ ನಂಬಿ ಹಿಂದಿನ ವರ್ಷ ತೆನೆಯ ತುಂಬ ಜೊಳ್ಳು ಕಂಡ ಮೇಲೆ, ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ನಮ್ಮ ಮಳೆಯಾಶ್ರಿತ ಗದ್ದೆಯಲ್ಲಿ ಹತ್ತು ಹತ್ತು ಗುಂಟೆಯ ಮೂರು ಮಡಿಗಳಿಗೆ ಮೂರು ಬಗೆಯಾಗಿ ಗೊಬ್ಬರ ಕೊಟ್ಟು ನೋಡಿದೆ. ಸುಮಾರು 150 ದಿನದ ಒಂದೇ ತಳಿಯನ್ನು ಜೂನ್ ಮೊದಲ ವಾರ ಒಂದೇ ದಿನ ಕೂರಿಗೆಯಲ್ಲಿ ಬಿತ್ತಿದ್ದೆ. ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಆಮೇಲೆ ಹಂತ ಹಂತವಾಗಿ ಯೂರಿಯಾ, ಜೊತೆಗೆ ಪೊಟ್ಯಾಶ್ ಪಡೆದ ಎರಡನೆಯ ಮಡಿಯೇ ನನ್ನ ಆಯ್ಕೆ.

ಮೊದಲ ಮಡಿಗೆ ಯೂರಿಯಾ ಮಾತ್ರ, ಮೂರು ಸಲಕ್ಕೆ 28 ಕೆಜಿ. ಶ್ರಾವಣದಲ್ಲಿ ಅದನ್ನು ಕಂಡ ಪಕ್ಕದ ಹೊಲದ ಕಾಕಾ, "ಪೈರು ಕರ್ರಗ ಬೆಳದೈತಿ, ಬಾಳ ಛಲೋ ಐತಿ ತಮ್ಮಾ" ಎಂದಿದ್ದರು. ಆ ಕಪ್ಪು ಹಸಿರೇ ಮುಂದೆ ತೊಡಕಾಯಿತು. ಯೂರಿಯಾ ಕೊಡುವ ಸಾರಜನಕ ಹೆಚ್ಚಾದರೆ ಪೈರು ಎಲೆಯನ್ನೂ ತಡವಾದ ತೆಂಡೆಗಳನ್ನೂ (ಬುಡದಿಂದ ಒಡೆಯುವ ಮರಿಕಾಂಡಗಳನ್ನೂ) ಹೊರಡಿಸುತ್ತಲೇ ಇರುತ್ತದೆ, ಹೂವಾಡುವುದು ಹಿಂದೆ ಬೀಳುತ್ತದೆ. ಉಳಿದೆರಡು ಮಡಿಗಳು ಹಸ್ತ ಮಳೆಯಲ್ಲೇ ಹೂವಾಡಿ ಮುಗಿಸಿದರೆ, ಇದು ಹತ್ತು ದಿನ ತಡವಾಯಿತು.

ತಡವಾದುದಕ್ಕಿಂತ ಹೆಚ್ಚು ಕಾಡಿದ್ದು, ಎಲ್ಲವೂ ಒಟ್ಟಿಗೆ ಹೂವಾಡದಿದ್ದುದು. ಶೀಗಿ ಹುಣ್ಣಿಮೆಯ ದಿನ ಒಂದು ಬುಡವನ್ನು ಕೈಯಲ್ಲಿ ಹಿಡಿದು ಬಿಡಿಸಿದಾಗ, ತಾಯಿಕಾಂಡದ ತೆನೆ ಹಾಲುಗಾಳಾಗಿತ್ತು, ಅದರ ಪಕ್ಕದ ತೆಂಡೆಯಲ್ಲಿ ಆಗಷ್ಟೇ ಕೇಸರಗಳು ಹೊರಬಂದು ತೂಗುತ್ತಿದ್ದವು, ಅಂಚಿನ ಎರಡು ತೆಂಡೆಗಳು ಇನ್ನೂ ಹೊಡೆಯಲ್ಲೇ, ಅಂದರೆ ತೆನೆ ಎಲೆಯ ಕವಚದೊಳಗೇ ಇರುವ ಹಂತದಲ್ಲೇ, ಇದ್ದವು. ಅಷ್ಟರಲ್ಲಿ ಮಳೆ ಹಿಂದೆ ಸರಿದು ನೆಲ ಬಿರಿಯತೊಡಗಿತ್ತು. ಕೊನೆಗೆ ಹೂವಾಡಿದ ತೆಂಡೆಗಳಲ್ಲಿ ಕಾಳು ಕಟ್ಟಲು ತೇವವೇ ಉಳಿದಿರಲಿಲ್ಲ.

ಕೊಯ್ಲಿನಲ್ಲಿ ಇದೇ ತೊಡಕು ಮತ್ತೆ ಎದುರಾಯಿತು. ಕಾದರೆ ಮೊದಲು ಮಾಗಿದ ಕಾಳು ಉದುರುತ್ತದೆ, ಒಣಗಿ ಸೀಳುಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ; ಬೇಗ ಕೊಯ್ದರೆ ಹಸಿರು ಕಾಳು ರಾಶಿಯಲ್ಲಿ ಸೇರುತ್ತದೆ. ನಾನು ಬೇಗ ಕೊಯ್ದೆ. ತೂರುವಾಗ ಗಾಳಿಗೆ ಹಾರಿ ಬಿದ್ದ ಜೊಳ್ಳಿನ ಗುಡ್ಡೆಯನ್ನು ಕಂಡು ಅವ್ವ ಮಾತಾಡದೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಎರಡನೆಯ ಮಡಿಗೆ 11 ಕೆಜಿ ಡಿಎಪಿ, 17 ಕೆಜಿ ಯೂರಿಯಾ, 8 ಕೆಜಿ ಪೊಟ್ಯಾಶ್. ರಂಜಕ ಮಣ್ಣಿನಲ್ಲಿ ಹೆಚ್ಚು ಸರಿದಾಡುವುದಿಲ್ಲ, ಆದ್ದರಿಂದ ಬಿತ್ತುವಾಗಲೇ ಬೇರಿನ ಬಳಿ ಬೀಳಬೇಕು. ಅದರ ಕೊರತೆಯಾದರೂ ಹೂವು ತಡವಾಗುತ್ತದೆ. ಕೊನೆಯ ಕಂತಿನ ಯೂರಿಯಾ ಮತ್ತು ಅರ್ಧ ಪೊಟ್ಯಾಶನ್ನು ತೆನೆ ಮೊಳೆಯುವ ಹೊತ್ತಿಗೆ, ಅಂದರೆ ತೆನೆ ಹೊರಬೀಳುವ ಸುಮಾರು 30 ದಿನ ಮೊದಲು ಕೊಟ್ಟೆ. ತಾಯಿಕಾಂಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಮೇಲಿನ ಗೆಣ್ಣಿನ ಮೇಲೆ ಒಂದೆರಡು ಮಿಲಿಮೀಟರಿನ ಬಿಳಿ ಕುಚ್ಚು ಕಾಣುತ್ತದೆ. ಅದೇ ಮುಂದಿನ ತೆನೆ. ಆಗ ಸಿಕ್ಕ ಸಾರಜನಕ ತೆನೆಯ ಹೂಗಳನ್ನು ಹೆಚ್ಚಿಸುತ್ತದೆ, ಪೊಟ್ಯಾಶ್ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಳಿಗೆ ಸಾಗಿಸಲು ನೆರವಾಗುತ್ತದೆ, ಕಾಂಡವನ್ನೂ ಗಟ್ಟಿ ಮಾಡುತ್ತದೆ. ಈ ಮಡಿ ನಾಲ್ಕೈದು ದಿನಗಳ ಅಂತರದೊಳಗೆ ಒಟ್ಟಾಗಿ ತೆನೆ ಬಿಟ್ಟಿತು.

ಮೂರನೆಯ ಮಡಿಗೆ ಡಿಎಪಿ ಮತ್ತು ಯೂರಿಯಾ ಎರಡನೆಯದರಷ್ಟೇ ಕೊಟ್ಟು, ಪೊಟ್ಯಾಶಿನ ಬದಲು ಹೊಡೆ ಹಂತದಲ್ಲಿ 13:0:45 ಅನ್ನು (ನೀರಿನಲ್ಲಿ ಕರಗುವ, ನೂರರಲ್ಲಿ 13 ಪಾಲು ಸಾರಜನಕ, 45 ಪಾಲು ಪೊಟ್ಯಾಶ್ ಇರುವ ಗೊಬ್ಬರ) ಲೀಟರಿಗೆ 10 ಗ್ರಾಂನಂತೆ ಸಿಂಪಡಿಸಿದೆ. ಹೂವು ಸಕಾಲಕ್ಕೆ ಬಂತು, ಜೊಳ್ಳು ಮಾತ್ರ ಎರಡನೆಯದಕ್ಕಿಂತ ಹೆಚ್ಚಿತ್ತು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: 50 ಲೀಟರಿನ ಸಿಂಪಡಣೆಯಲ್ಲಿ ಸಿಗುವ ಪೊಟ್ಯಾಶ್ ಅಂಶ 225 ಗ್ರಾಂ, 8 ಕೆಜಿ ಗೊಬ್ಬರದಲ್ಲಿ ಸಿಗುವುದು 4.8 ಕೆಜಿ. ಕೊರತೆ ಕಂಡಾಗ ಮೇಲಿಂದ ನೆರವಾಗಲು ಸಿಂಪಡಣೆ ಸರಿ, ಮಣ್ಣಿಗೆ ಕೊಡುವುದರ ಬದಲಿಗಲ್ಲ. ಭತ್ತದ ಹೂವು ಹೆಚ್ಚಾಗಿ ಅರಳುವುದು ಬೆಳಿಗ್ಗೆ ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತಿನೊಳಗೆ, ಆದ್ದರಿಂದ ಹೂವಾಡುವಾಗ ಆ ಹೊತ್ತಿನಲ್ಲಿ ಪಂಪು ಹಿಡಿದು ಗದ್ದೆಗೆ ಇಳಿಯಲೂಬಾರದು.

ಸತುವಿನ ಸಲ್ಫೇಟನ್ನು ಮೂರಕ್ಕೂ ಸಮನಾಗಿ, ಡಿಎಪಿಯೊಂದಿಗೆ ಬೆರೆಸದೆ ಹಾಕಿದ್ದೆ.

45 ಕೆಜಿಯ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವಾಗ, 1,350 ರೂಪಾಯಿಯ ಡಿಎಪಿ ಚೀಲಕ್ಕೆ ಕೈ ಹಾಕಲು ಮನಸ್ಸು ಹಿಂಜರಿಯುವುದು ನಿಜ. ಸಿಂಪಡಣೆಗೆ ಆಳು ಸಿಗದ, ಬೆಳಿಗ್ಗೆ ಒಂದು ಸುತ್ತು ಗದ್ದೆ ನೋಡಿ ಬರುವ ನನ್ನಂಥವನಿಗೆ ಎರಡನೆಯ ಕ್ರಮವೇ ಒಗ್ಗುತ್ತದೆ. ಈ ವರ್ಷ ಮೂರೂ ಮಡಿಗಳಿಗೆ ಅದನ್ನೇ ಹಿಡಿದಿದ್ದೇನೆ. ಉಳಿದರ್ಧ ಪೊಟ್ಯಾಶ್ ತೇವ ತಗಲದಂತೆ ಡ್ರಮ್ಮಿನಲ್ಲಿದೆ, ಗಣೇಶ ಚೌತಿಯ ಆಸುಪಾಸಿನಲ್ಲಿ ಕಾಂಡ ಸೀಳಿ ನೋಡಿ ಹಾಕಬೇಕು.