ಪಿಡಬ್ಲ್ಯುಎಂ, ಎಂಪಿಪಿಟಿ ಮತ್ತು ಷಂಟ್ ಮೀಟರ್: ಒಂದೇ ಬ್ಯಾಟರಿಯ ಮೇಲೆ ನಡೆಸಿದ ಹೋಲಿಕೆ

ರಾಜಾಜಿನಗರದ ನಮ್ಮ ಮನೆಯಲ್ಲಿ ರಾತ್ರಿಯ ದೀಪಗಳು, ಎರಡು ಫ್ಯಾನು ಮತ್ತು ವೈಫೈ ರೂಟರ್ ಬೆಸ್ಕಾಂ ಸಂಪರ್ಕವಿಲ್ಲದೆ, ತಾರಸಿಯ ಸೌರ ಪ್ಯಾನೆಲ್ ಮತ್ತು 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಲೆಡ್-ಆ್ಯಸಿಡ್ ಬ್ಯಾಟರಿಯಿಂದಲೇ ನಡೆಯುತ್ತವೆ. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸಲು ಪಿಡಬ್ಲ್ಯುಎಂ ಕಂಟ್ರೋಲರಿನ ಬದಲು ಎಂಪಿಪಿಟಿ ಕಂಟ್ರೋಲರ್ ಹಾಕಿಸಿದರೆ ಚಾರ್ಜಿಂಗ್ ಮೂವತ್ತು ಪರ್ಸೆಂಟ್ ಹೆಚ್ಚುತ್ತದೆ ಎಂದು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೇಳುವುದು ವಾಡಿಕೆ. ಆ ಮಾತನ್ನು ಪರೀಕ್ಷಿಸಲೆಂದೇ ಎರಡೂ ಬಗೆಯ ಕಂಟ್ರೋಲರ್‌ಗಳನ್ನು ಇದೇ ಬ್ಯಾಟರಿಗೆ ಸರದಿಯಂತೆ ಜೋಡಿಸಿ, ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟನ್ನು ಅಳೆದು ನೋಡಿದೆ.

ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಕೂಡಿಸಿ, ಬ್ಯಾಟರಿ ತುಂಬುತ್ತ ಬಂದಂತೆ ಆ ಸಂಪರ್ಕವನ್ನು ಅತಿ ವೇಗವಾಗಿ ಕಡಿದು ಕೂಡಿಸುತ್ತ ಚಾರ್ಜನ್ನು ಹಿಡಿತದಲ್ಲಿಡುತ್ತದೆ. ಹೀಗಾಗಿ 18 ವೋಲ್ಟಿನಲ್ಲಿ ಚೆನ್ನಾಗಿ ದುಡಿಯಬಲ್ಲ 36 ಸೆಲ್ಲಿನ ಪ್ಯಾನೆಲ್ ಬ್ಯಾಟರಿಯ 13 ವೋಲ್ಟಿಗೆ ಇಳಿದು ದುಡಿಯಬೇಕಾಗುತ್ತದೆ. ಎಂಪಿಪಿಟಿಯಾದರೋ ಪ್ಯಾನೆಲ್ಲನ್ನು ಅದಕ್ಕೆ ಒಗ್ಗುವ ವೋಲ್ಟೇಜಿನಲ್ಲೇ ಇರಿಸಿ, ಮಿಕ್ಕ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ನನ್ನ 160 ವ್ಯಾಟಿನ ಪ್ಯಾನೆಲ್ಲಿನಲ್ಲಿ ಡಿಸೆಂಬರಿನ ತಣ್ಣನೆಯ ಬೆಳಗುಗಳಲ್ಲಿ ಈ ಲಾಭ ಕಣ್ಣಿಗೆ ಕಾಣುವಷ್ಟಿತ್ತು. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಕೈಯಿಡಲಾಗದಷ್ಟು ಕಾದಾಗ ಮಾತ್ರ ಅದರ ವೋಲ್ಟೇಜೇ 16ರ ಆಸುಪಾಸಿಗೆ ಕುಸಿಯುವುದರಿಂದ, ಪಿಡಬ್ಲ್ಯುಎಂ 8.2 ಆಂಪಿಯರ್ ಕೊಟ್ಟ ಕಡೆ ಎಂಪಿಪಿಟಿ 8.9 ಕೊಟ್ಟಿತು, ಅಷ್ಟೇ. ಆಷಾಢದ ಮೋಡದಲ್ಲಿ ಎರಡೂ ಒಂದೆರಡು ಆಂಪಿಯರಿನಲ್ಲೇ ಉಳಿದವು. ಬ್ಯಾಟರಿ ಚಾರ್ಜಿಂಗ್ ಮಿತಿಯಾದ 14.4 ವೋಲ್ಟ್ ಮುಟ್ಟಿದ ಮೇಲಂತೂ ಎಷ್ಟು ಕರೆಂಟು ಬೇಕೆಂಬುದನ್ನು ಬ್ಯಾಟರಿಯೇ ತೀರ್ಮಾನಿಸುವುದರಿಂದ ಹೋಲಿಕೆಗೆ ಅರ್ಥವಿರುವುದಿಲ್ಲ.

72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ಹಾಕಿದಾಗ ಚಿತ್ರವೇ ಬೇರೆಯಾಯಿತು. ಇದು 37 ವೋಲ್ಟಿನ ಆಸುಪಾಸಿನಲ್ಲಿ ಸುಮಾರು 9 ಆಂಪಿಯರ್ ಕೊಡುವ ಪ್ಯಾನೆಲ್. ಪಿಡಬ್ಲ್ಯುಎಂ ಆ ಆಂಪಿಯರನ್ನಷ್ಟೇ ಬ್ಯಾಟರಿಗೆ ದಾಟಿಸಿ, ಅರ್ಧಕ್ಕಿಂತ ಹೆಚ್ಚು ವ್ಯಾಟನ್ನು ತಾರಸಿಯಲ್ಲೇ ಬಿಟ್ಟಿತು. ಎಂಪಿಪಿಟಿ ಅದೇ ಬಿಸಿಲಿನಲ್ಲಿ 19 ಆಂಪಿಯರ್ ತಲುಪಿಸಿತು. 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ 15 ಆಂಪಿಯರ್ ಹಿತವಾದ ಪ್ರಮಾಣವಾದ್ದರಿಂದ ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಮಿತಿ ಹಾಕಬೇಕಾಯಿತು. ಈಗ ಮಾರುಕಟ್ಟೆಯಲ್ಲಿ ಪ್ರತಿ ವ್ಯಾಟಿಗೆ ಅಗ್ಗವಾಗಿ ಸಿಗುವುದು ದೊಡ್ಡ ಪ್ಯಾನೆಲ್ಲುಗಳೇ; ಅಂಥದ್ದನ್ನು ಕೊಂಡವರಿಗೆ ಪಿಡಬ್ಲ್ಯುಎಂ ಉಳಿತಾಯವೆನಿಸದು. ಹಳೆಯ 36 ಸೆಲ್ ಪ್ಯಾನೆಲ್ ಇರುವವರು ಮಾತ್ರ ನೆಮ್ಮದಿಯಿಂದ ಪಿಡಬ್ಲ್ಯುಎಂ ಬಳಸಬಹುದು. ಆದರೆ ಒಂದು ಎಚ್ಚರ: ಬ್ಯಾಟರಿ ಕಾದಾಗ ಚಾರ್ಜಿಂಗ್ ವೋಲ್ಟೇಜನ್ನು ತಗ್ಗಿಸಬೇಕು, ಅದಕ್ಕಾಗಿ ಅಗ್ಗದ ಕಂಟ್ರೋಲರ್‌ಗಳು ತಾಪಮಾನವನ್ನು ತಮ್ಮ ಪೆಟ್ಟಿಗೆಯೊಳಗೇ ಅಳೆಯುತ್ತವೆ. ಬ್ಯಾಟರಿ ಮೆಟ್ಟಿಲ ಕೆಳಗಿನ ತಂಪಿನಲ್ಲಿದ್ದು ಕಂಟ್ರೋಲರ್ ಬಿಸಿಲಿನ ಗೋಡೆಯ ಮೇಲಿದ್ದರೆ, ಬ್ಯಾಟರಿಯೂ ಕಾದಿದೆಯೆಂದು ತಿಳಿದು ಅದು ವೋಲ್ಟೇಜನ್ನು ಅನಗತ್ಯವಾಗಿ ತಗ್ಗಿಸುತ್ತದೆ.

ನಿಗಾ ಇಡುವ ಸಾಧನಗಳ ನಡುವಿನ ಅಂತರವೇ ನನಗೆ ಹೆಚ್ಚು ಮುಖ್ಯವೆನಿಸಿತು. ಕಂಟ್ರೋಲರಿನ ಮೇಲಿನ ನಾಲ್ಕು ಗೆರೆಗಳ ಚಿತ್ರ ವೋಲ್ಟೇಜನ್ನು ನೋಡಿಯೇ ಬೆಳಗುವುದರಿಂದ, ಬಿಸಿಲೇರಿದ ಕೂಡಲೇ ಬ್ಯಾಟರಿ ತುಂಬಿದೆ ಎನ್ನುತ್ತದೆ, ಮಿಕ್ಸಿ ಹಾಕಿದರೆ ಬರಿದಾಗಿದೆ ಎನ್ನುತ್ತದೆ. ಮಲ್ಟಿಮೀಟರ್ ಇದಕ್ಕಿಂತ ಪ್ರಾಮಾಣಿಕ: ಹೊರೆಯೂ ಚಾರ್ಜೂ ಇಲ್ಲದೆ ಕೆಲವು ಗಂಟೆ ಬಿಟ್ಟ ಮೇಲೆ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧವಾಗಿದೆ ಎಂದು ತಿಳಿಯಬಹುದು. ಆದರೆ ದಿನವೂ ಬಳಕೆಯಲ್ಲಿರುವ ಬ್ಯಾಟರಿಗೆ ಅಂಥ ವಿಶ್ರಾಂತಿ ಸಿಗುವುದು ಅಪರೂಪ. ಷಂಟ್ ಮೀಟರ್ ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ ಕೂರಿಸಿದ ಷಂಟ್ ಎಂಬ ಲೋಹದ ಪಟ್ಟಿಯ ಮೂಲಕ ಕರೆಂಟನ್ನು ಅಳೆದು, ಬ್ಯಾಟರಿಗೆ ಹೋದ ಮತ್ತು ಅದರಿಂದ ಬಂದ ಆಂಪಿಯರ್‌ಗಳನ್ನು ಬ್ಯಾಂಕ್ ಪಾಸ್‌ಬುಕ್ಕಿನಂತೆ ಲೆಕ್ಕವಿಡುತ್ತದೆ. ಅದನ್ನು ಕೂರಿಸಲು ಬಂದಿದ್ದವರು ಕಂಟ್ರೋಲರಿನ ನೆಗೆಟಿವ್ ತಂತಿಯನ್ನು ನೇರವಾಗಿ ಬ್ಯಾಟರಿ ಟರ್ಮಿನಲ್ಲಿಗೆ ಬಿಗಿದು ಹೋಗಿದ್ದರಿಂದ, ಮೊದಮೊದಲು ಮೀಟರಿಗೆ ಖರ್ಚು ಮಾತ್ರ ಕಾಣುತ್ತಿತ್ತು, ಜಮೆ ಕಾಣುತ್ತಿರಲಿಲ್ಲ. ಕಂಟ್ರೋಲರ್, ಇನ್ವರ್ಟರ್, ಡಿಸಿ ಹೊರೆ ಈ ಎಲ್ಲದರ ನೆಗೆಟಿವ್ ತಂತಿಗಳೂ ಷಂಟಿನ ಆಚೆ ಬದಿಗೆ ಸೇರಬೇಕು. ಬ್ಯಾಟರಿಯ ಕಡೆಗೆ ಒಂದೇ ತಂತಿ ಉಳಿಯಬೇಕು. ಮಳೆಗಾಲದಲ್ಲಿ ಬ್ಯಾಟರಿ ವಾರಗಟ್ಟಲೆ ಪೂರ್ತಿ ತುಂಬದಿದ್ದರೆ ಈ ಲೆಕ್ಕವೂ ನಿಧಾನವಾಗಿ ಜಾರುತ್ತದೆ. ಆಗ ಹೈಡ್ರೋಮೀಟರ್ ಅದ್ದಿ ಆ್ಯಸಿಡ್ಡಿನ ಸಾಂದ್ರತೆ ನೋಡುವುದೇ ಸರಿ; ನೂರಿನ್ನೂರು ರೂಪಾಯಿಯ ಈ ಗಾಜಿನ ಕೊಳವೆಯ ತೀರ್ಪನ್ನು ನಾನು ಇಂದಿಗೂ ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಯಲಹಂಕದಲ್ಲಿರುವ ನನ್ನ ಭಾವಮೈದ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಳಸುತ್ತಾರೆ. ಅದರಲ್ಲಿ ಹೈಡ್ರೋಮೀಟರಿಗೆ ಅವಕಾಶವೇ ಇಲ್ಲ; ಶೇಕಡಾ 70 ಇದ್ದರೂ 40 ಇದ್ದರೂ ವೋಲ್ಟೇಜ್ 13.2ರ ಹತ್ತಿರವೇ ನಿಲ್ಲುವುದರಿಂದ ಮಲ್ಟಿಮೀಟರಿನಿಂದಲೂ ಹೆಚ್ಚು ಪ್ರಯೋಜನವಿಲ್ಲ. ಬ್ಯಾಟರಿಯೊಳಗೇ ಇದ್ದು ಅದನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ತನ್ನ ಅಂಕಿಯನ್ನು ಮೊಬೈಲಿಗೆ ಕಳಿಸುತ್ತದೆ, ನಿಜ. ಆದರೆ ರೂಟರ್ ಎಳೆಯುವ ಅರ್ಧ ಆಂಪಿಯರಿನಷ್ಟು ಸಣ್ಣ ಕರೆಂಟನ್ನು ಅವರ ಬಿಎಂಎಸ್ ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ, ರಾತ್ರಿಯಿಡೀ ಉರಿದದ್ದು ಬೆಳಿಗ್ಗೆ ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ಅವರಿಗೂ ಕೊನೆಗೆ ಪ್ರತ್ಯೇಕ ಷಂಟ್ ಮೀಟರ್ ಹಾಕಿಸಿದೆವು. ಅವರ 160 ವ್ಯಾಟಿನ ಪ್ಯಾನೆಲ್ಲಿಗೆ ಹಳೆಯ ಪಿಡಬ್ಲ್ಯುಎಂ ಕಂಟ್ರೋಲರನ್ನೇ, ಚಾರ್ಜಿಂಗ್ ಮಿತಿಯನ್ನು 14.2 ವೋಲ್ಟಿಗೆ ಬದಲಿಸಿ, ಉಳಿಸಿಕೊಂಡೆವು.